631 ಅಂದರೆ ಹಂದಿ ಕೊಬ್ಬಲ್ಲ

ಚಿಪ್ಸ್, ನೂಡಲ್ಸ್ ಪ್ಯಾಕೆಟ್ ಹಿಂದೆ '631' ಅಂತ ಇದ್ದರೆ ಅದು ಹಂದಿ ಕೊಬ್ಬು, ಕಂಪನಿಗಳು ನಂಬರ್ ಹಾಕಿ ಮುಚ್ಚಿಟ್ಟಿವೆ ಅನ್ನುವ ವಾಟ್ಸಾಪ್ ಮೆಸೇಜ್ ಮತ್ತೆ ಮತ್ತೆ ಬರುತ್ತಿರುತ್ತದೆ. ಅದು ಸರಿಯಲ್ಲ.

631 ಎಂದರೆ ಡೈಸೋಡಿಯಂ ಇನೋಸಿನೇಟ್. ರುಚಿ ಹೆಚ್ಚಿಸುವ ಒಂದು ಬಗೆಯ ಲವಣ, ಕೊಬ್ಬೇ ಅಲ್ಲ. ಮಾಂಸ, ಮೀನಿನಿಂದಲೂ ಅದನ್ನು ಮಾಡಬಹುದು. ಮರಗೆಣಸಿನ ಹಿಟ್ಟಿನಂಥದ್ದನ್ನು ಹುದುಗಿಸಿಯೂ ಮಾಡಬಹುದು. ಬರೀ ನಂಬರ್ ನೋಡಿದರೆ ಯಾವುದರಿಂದ ಬಂತು ಅಂತ ತಿಳಿಯುವುದಿಲ್ಲ. ಆ ಮಟ್ಟಿಗೆ ಜನರ ಅನುಮಾನ ಸುಮ್ನೆ ಹುಟ್ಟಿದ್ದಲ್ಲ.

ನೋಡಬೇಕಾದ್ದು ಪ್ಯಾಕೆಟ್ ಮೇಲಿನ ಗುರುತು. 2020ರ ಲೇಬಲ್ ನಿಯಮದ ಪ್ರಕಾರ ಪ್ರಾಣಿ, ಹಕ್ಕಿ, ಮೀನು, ಮೊಟ್ಟೆ ಮೂಲದ್ದು ಏನಿದ್ದರೂ ಚೌಕದೊಳಗೆ ಕಂದು ತ್ರಿಕೋನ ಹಾಕಬೇಕು. ಸಸ್ಯಾಹಾರಕ್ಕೆ ಹಸಿರು ಚುಕ್ಕೆ. ಹಾಲು, ಜೇನುತುಪ್ಪಕ್ಕೆ ವಿನಾಯಿತಿ ಇದೆ. ಅರಗಿನ ಹುಳದಿಂದ ಬರುವ ಶೆಲ್ಲಾಕ್‌ಗೂ ಇದೆ, ವಿಚಿತ್ರ ಅಲ್ವಾ? 'ಚೂರೇ ಚೂರು ಹಾಕಿದ್ದೇವೆ' ಎಂಬ ನೆಪವೂ ನಡೆಯುವುದಿಲ್ಲ. ಪ್ರಮಾಣ ಎಷ್ಟೇ ಇರಲಿ, ಅದು ಮಾಂಸಾಹಾರವೇ ಎಂದು ದೆಹಲಿ ಹೈಕೋರ್ಟ್ 2021ರ ಡಿಸೆಂಬರ್‌ನಲ್ಲಿ ಹೇಳಿದೆ. ಆ ಪ್ರಕರಣದಲ್ಲಿ ಚರ್ಚೆಗೆ ಬಂದದ್ದೂ ಇದೇ ಇನೋಸಿನೇಟ್.

ಮಸಾಲೆ, ಕುರುಕಲು ತಿಂಡಿ ಮಾಡಿ ಮಾರುವವರು ಇಲ್ಲಿ ಜಾಸ್ತಿ ಎಚ್ಚರ ವಹಿಸಬೇಕು. ರೆಡಿ ಸೀಸನಿಂಗ್ ಪುಡಿ ಕೊಳ್ಳುವಾಗ ಅದರ ಮೂಲ ಸಸ್ಯವೋ ಪ್ರಾಣಿಯೋ ಎಂದು ಪೂರೈಕೆದಾರರಿಂದ ಬರೆಸಿಕೊಳ್ಳಿ. ಹಸಿರು ಚುಕ್ಕೆ ಪ್ರಿಂಟ್ ಹಾಕಿಸುವುದು ಆಮೇಲೆ.