ಕಾಡಿಗೆಗೆ ಮನೆ ಬೇಕಾಗಿದೆ

ನಮ್ಮ ಮನೆಯಲ್ಲಿ ಸದ್ಯಕ್ಕೆ ಮೂರು ನಾಯಿಮರಿಗಳೂ ನಾಲ್ಕು ಬೆಕ್ಕಿನ ಮರಿಗಳೂ ತಾತ್ಕಾಲಿಕವಾಗಿ ವಾಸವಾಗಿವೆ. ಒಳ್ಳೆಯ ಮನೆ ಸಿಕ್ಕ ಕೂಡಲೇ ಕಳುಹಿಸಿಕೊಡುವುದೆಂದು ತೀರ್ಮಾನವಾಗಿದೆ. ತಾತ್ಕಾಲಿಕ ಎಂಬ ಪದದ ಪೂರ್ಣಾರ್ಥ ಗೊತ್ತಿರುವುದು ಸರ್ಕಾರಿ ಕಚೇರಿಯ ದಿನಗೂಲಿ ನೌಕರರಿಗೆ ಮತ್ತು ನನಗೆ. ಅವರು ಇಪ್ಪತ್ತು ವರ್ಷ ತಾತ್ಕಾಲಿಕವಾಗಿ ದುಡಿದು ಮನೆಗೆ ಹೋಗುತ್ತಾರೆ. ನಮ್ಮಲ್ಲಿ ಎರಡು ವಾರದ ಮಟ್ಟಿಗೆಂದು ಬಂದ ಒಕ್ಕಣ್ಣಿನ ಬೆಕ್ಕೊಂದು ನಾಲ್ಕು ವರ್ಷದಿಂದ ಫ್ರಿಜ್ಜಿನ ಮೇಲೆ ತಾತ್ಕಾಲಿಕವಾಗಿ ಮಲಗಿದೆ.

ಇವು ಬರುವುದು ಸಾಮಾನ್ಯವಾಗಿ ರಾತ್ರಿ ಹತ್ತೂವರೆಯ ನಂತರ. ಕೆಳಗಿನಿಂದ ಕಾವಲುಗಾರ ಇಂಟರ್‌ಕಾಮಿನಲ್ಲಿ ಕರೆಯುತ್ತಾನೆ: "ಮೇಡಂ, ನಿಮಗೊಂದು ಪೆಟ್ಟಿಗೆ ಬಂದಿದೆ. ಪೆಟ್ಟಿಗೆ ಅಳುತ್ತಿದೆ." ಇಳಿದು ಹೋಗಿ ನೋಡಿದರೆ ಸೇಬು ತುಂಬಿಸುವ ರಟ್ಟಿನ ಪೆಟ್ಟಿಗೆ, ಒಳಗೆ ಹಳೆಯ ಬನಿಯನ್ನು, ಬನಿಯನ್ನಿನೊಳಗೆ ನಾಲ್ಕು ಜೀವ. ತಂದವರು ದೊಡ್ಡ ಕಾರಿನಲ್ಲಿ ಬಂದಿದ್ದರಂತೆ, ಇಂಜಿನ್ ಕೂಡ ಆರಿಸಲಿಲ್ಲವಂತೆ. ಮುಚ್ಚಳದ ಮೇಲೆ ದುಂಡಗಿನ ಅಕ್ಷರದಲ್ಲಿ ಬರೆದಿದ್ದರು: "ದಯವಿಟ್ಟು ನೋಡಿಕೊಳ್ಳಿ, ದೇವರು ನಿಮಗೆ ಒಳ್ಳೆಯದು ಮಾಡುತ್ತಾನೆ." ಕೆಲಸದ ಹಂಚಿಕೆ ಎಷ್ಟು ಅಚ್ಚುಕಟ್ಟು ನೋಡಿ. ಮರಿಗಳನ್ನು ನೋಡಿಕೊಳ್ಳುವ ಹೊಣೆ ನನ್ನದು, ನನಗೆ ಒಳ್ಳೆಯದು ಮಾಡುವ ಹೊಣೆ ದೇವರದು, ಪುಣ್ಯ ಮಾತ್ರ ಕಾರಿನವರದು.

ನಾಯಿಗೆ ಹೇಳಿದರೆ ನಾಯಿ ತನ್ನ ಬಾಲಕ್ಕೆ ಹೇಳಿತಂತೆ. ಬೆಂಗಳೂರಿನಲ್ಲಿ ಈ ಗಾದೆ ನಾಯಿಗಳ ವಿಷಯದಲ್ಲೇ ನಿಜವಾಗಿದೆ. ಕಳೆದ ಮಳೆಗಾಲದಲ್ಲಿ ಒಂದು ನಾಯಿಮರಿ ಮೋರಿಗೆ ಬಿತ್ತು. ಯಾರೋ ಅದರ ಚಿತ್ರ ತೆಗೆದು, "ಯಾರಾದರೂ ಬೇಗ ಕಾಪಾಡಿ" ಎಂದು ಬರೆದು, ಅಳುವ ಮುಖಗಳನ್ನು ಅಂಟಿಸಿ ಮೊಬೈಲಿನಲ್ಲಿ ಹರಿಯಬಿಟ್ಟರು. ಚಿತ್ರ ಬಹಳ ಸ್ಪಷ್ಟವಾಗಿತ್ತು, ಮೀಸೆಯ ಕೂದಲನ್ನೂ ಎಣಿಸಬಹುದಿತ್ತು. ಅಂದರೆ ತೆಗೆದವರಿಗೂ ಮರಿಗೂ ನಡುವೆ ಇದ್ದದ್ದು ಎರಡಡಿ ಅಂತರ. ಸಂದೇಶ ಜಯನಗರ ದಾಟಿ, ಯಲಹಂಕ ದಾಟಿ, ಟೆಕ್ಸಾಸಿನಲ್ಲಿರುವ ನನ್ನ ಚಿಕ್ಕಮ್ಮನ ಮಗನನ್ನು ತಲುಪಿ, ಅವನು ಅದನ್ನು ನನಗೆ ಕಳುಹಿಸಿದ. ನೋಡಿದರೆ ಮೋರಿ ನಮ್ಮ ಹಿಂದಿನ ಬೀದಿಯದು. ನಾನು ಚಪ್ಪಲಿ ಮೆಟ್ಟಿ ಹೋಗುವಷ್ಟರಲ್ಲಿ ತರಕಾರಿ ಗಾಡಿಯವನು ಅದನ್ನು ಎತ್ತಿ, ಗೋಣಿಚೀಲದಿಂದ ಒರೆಸಿ, ಕೊತ್ತಂಬರಿ ಸೊಪ್ಪಿನ ಪಕ್ಕದಲ್ಲಿ ಕೂರಿಸಿದ್ದ. ಅವನ ಬಳಿ ಇದ್ದದ್ದು ಹಳೆಯ ಗುಂಡಿ ಫೋನು. ಪಾಪ, ಯಾರಿಗೂ ಕಳುಹಿಸಲಾರ, ಅದಕ್ಕೇ ಇಳಿದಿರಬೇಕು.

ಪೆಟ್ಟಿಗೆಯ ವಿಷಯಕ್ಕೆ ಬರುತ್ತೇನೆ. ಬೆಕ್ಕಿನ ಮರಿಗಳಿಗೆ ಹತ್ತು ದಿನವಿರಬಹುದು, ಕಣ್ಣು ಆಗತಾನೆ ಬಿರಿಯುತ್ತಿತ್ತು. ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಒಂದೊಂದೂ ಇನ್ನೂರು ಗ್ರಾಂ, ಒಂದು ಪೊಟ್ಟಣ ಕಾಫಿಪುಡಿಯ ತೂಕ. ಈ ಪ್ರಾಯದಲ್ಲಿ ಅವುಗಳಿಗೆ ತಮ್ಮ ಮೈಯನ್ನು ತಾವೇ ಬೆಚ್ಚಗಿಟ್ಟುಕೊಳ್ಳಲು ಬರುವುದಿಲ್ಲ. ಮೈ ತಣ್ಣಗಿರುವಾಗ ಹಾಲು ಕುಡಿಸಿದರೆ ಜೀರ್ಣವಾಗದೆ ಪ್ರಾಣಕ್ಕೇ ಸಂಚಕಾರ. ಮೊದಲು ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಪಕ್ಕದಲ್ಲಿಡಬೇಕು, ಆಮೇಲೆ ಹಾಲಿನ ಮಾತು. ಹಸುವಿನ ಹಾಲು ಹಾಕಿದರೆ ಭೇದಿ ಹಿಡಿಯುತ್ತದೆ, ಮರಿಬೆಕ್ಕಿಗೆಂದೇ ಮಾಡಿದ ಪುಡಿಯನ್ನು ಕಲಸಬೇಕು. ಮೂರು ಗಂಟೆಗೊಮ್ಮೆ, ರಾತ್ರಿ ಎರಡಕ್ಕೂ ಬೆಳಗಿನ ಐದಕ್ಕೂ. ಮರಿಯನ್ನು ಹೊಟ್ಟೆಯ ಮೇಲೆ ಮಲಗಿಸಿಯೇ ಕುಡಿಸಬೇಕು, ಮಗುವಿನಂತೆ ಅಂಗಾತ ಹಿಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕುಡಿಸಿದರೆ ಮುಗಿಯಲಿಲ್ಲ. ಇವುಗಳಿಗೆ ತಾವಾಗಿ ಮೂತ್ರ ಮಾಡಲೂ ಬರುವುದಿಲ್ಲ. ತಾಯಿ ನೆಕ್ಕಿ ಮಾಡಿಸುವುದನ್ನು ನಾವು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಮಾಡಿಸಬೇಕು. ಬೆಳಗಿನ ಜಾವ ಎರಡು ಗಂಟೆಗೆ ಬಚ್ಚಲಿನಲ್ಲಿ ನಿಂತು ನಾಲ್ಕು ಬೆಕ್ಕುಗಳಿಗೆ ಸರದಿಯ ಮೇಲೆ ಮೂತ್ರ ಮಾಡಿಸಿದವರಿಗೆ ಗೊತ್ತು, ನಾಲ್ಕನೆಯದು ಮುಗಿಸುವ ಹೊತ್ತಿಗೆ ಮೊದಲನೆಯದಕ್ಕೆ ಮತ್ತೆ ಹಸಿವಾಗಿರುತ್ತದೆ. ಮರುದಿನ ಲಿಫ್ಟಿನಲ್ಲಿ ಪಕ್ಕದ ಮನೆಯವರು ಕೇಳಿದರು: "ನಿಮಗೆ ಹೊತ್ತು ಹೋಗುವುದಿಲ್ಲವೆಂದು ಕಾಣುತ್ತದೆ, ಅಲ್ಲವೇ?"

ಐದು ವಾರ ಕಳೆದು, ಮರಿಗಳು ಪರದೆ ಹತ್ತುವಷ್ಟಾದ ಮೇಲೆ ನಿಜವಾದ ಕಷ್ಟ ಶುರುವಾಗುತ್ತದೆ. ಅದರ ಹೆಸರು ಸಂಬಂಧ ಹುಡುಕುವುದು. ನಾಯಿಮರಿ ಇದೆ ಎಂದು ಪ್ರಕಟಿಸಿದ ಹತ್ತನೆಯ ನಿಮಿಷಕ್ಕೆ ಮೊದಲ ಕರೆ.

"ಮೇಡಂ, ಯಾವ ಜಾತಿ?"

"ನಾಯಿ ಜಾತಿ."

"ಅದಲ್ಲ ಮೇಡಂ, ಜಾತಿ ನಾಯಿಯೋ ಅಲ್ಲವೋ?"

ನಮ್ಮ ಭಾಷೆಗೆ ಇದಕ್ಕಿಂತ ಪ್ರಾಮಾಣಿಕವಾದ ಪದ ಬೇಕೇ? ಬೇರೆ ಭಾಷೆಯವರು ತಳಿ, ವಂಶಾವಳಿ ಎಂದೇನೋ ಸುತ್ತಿಬಳಸಿ ಹೇಳಿಕೊಳ್ಳಲಿ. ನಾವು ನೇರವಾಗಿ ಜಾತಿ ನಾಯಿ ಎನ್ನುತ್ತೇವೆ. ಉಳಿದದ್ದು ಕಂತ್ರಿ. ಇಂಗ್ಲಿಷರ ಬಾಯಿಯ ಕಂಟ್ರಿ ನಮ್ಮ ಬಾಯಲ್ಲಿ ಕಂತ್ರಿಯಾಯಿತೆಂದು ಬಲ್ಲವರು ಹೇಳುತ್ತಾರೆ. ನಮ್ಮದೇ ನಾಡಿನದು ಎಂಬ ಮಾತು ನಮ್ಮಲ್ಲಿ ಬೈಗುಳವಾದ ಬಗೆ ಅದು. ಈ ಅವಮಾನ ತಪ್ಪಿಸಲು ನನ್ನಂಥವರು ಈಚೆಗೆ ಇಂಡಿಯನ್ ಎಂಬುದನ್ನು ಚಿಕ್ಕದಾಗಿಸಿ ಇಂಡಿ ಎಂಬ ಹೊಸ ಹೆಸರಿಟ್ಟಿದ್ದೇವೆ. ಅದರಿಂದಲೂ ತೊಂದರೆಯೇ. "ಇಂಡಿ ಎಂದರೆ ವಿಜಯಪುರದ ಹತ್ತಿರದ್ದೇ? ನಮ್ಮ ಅತ್ತೆಯವರ ಊರು! ನಿಂಬೆಹಣ್ಣಿಗೆ ಹೆಸರಾದದ್ದು ಗೊತ್ತಿತ್ತು, ನಾಯಿಗೂ ಹೆಸರೆಂದು ಗೊತ್ತಿರಲಿಲ್ಲ" ಎಂದು ಒಬ್ಬರು ಸಂತೋಷಪಟ್ಟರು. ನಾನು ಅಲ್ಲವೆನ್ನಲಿಲ್ಲ. ಮರಿಗೆ ಮನೆ ಸಿಗುವುದಾದರೆ ಅದರ ತವರು ಇಂಡಿಯೇ ಆಗಲಿ, ಸಿಂದಗಿಯೇ ಆಗಲಿ.

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಎಂದಿದ್ದಾರಲ್ಲ, ನಮ್ಮ ಪಾಲಿನ ಸುಳ್ಳನ್ನೂ ಒಪ್ಪಿಕೊಳ್ಳುತ್ತೇನೆ. 2020ರ ಆಗಸ್ಟ್‌ನಲ್ಲಿ ಪ್ರಧಾನಿಯವರು ಮನ್ ಕಿ ಬಾತ್‌ನಲ್ಲಿ ಮುಧೋಳ ನಾಯಿಯನ್ನು ಹೊಗಳಿದ ದಿನದಿಂದ ಬೆಂಗಳೂರಿನಲ್ಲಿ ಪಕ್ಕೆಲುಬು ಕಾಣುವ ನಾಯಿಗಳೆಲ್ಲ ಮುಧೋಳ ಮಿಶ್ರತಳಿಯಾಗಿವೆ. ಬಾಗಲಕೋಟೆ ಜಿಲ್ಲೆಯ ಆ ಬೇಟೆನಾಯಿ ನಿಜಕ್ಕೂ ಕೃಶಾಂಗಿ, ಉದ್ದ ಕಾಲಿನದು. ನಮ್ಮದು ಕೃಶವಾಗಿರುವುದು ಜಂತುಹುಳುವಿನಿಂದ. ಎರಡು ಸಲ ಔಷಧಿ ಹಾಕಿದ ಮೇಲೆ ಮುಧೋಳತನ ಇಳಿದು ಮೈ ತುಂಬಿಕೊಳ್ಳುತ್ತದೆ. ಅಷ್ಟರೊಳಗೆ ಶಾಸ್ತ್ರ ಮುಗಿಸಿಬಿಡಬೇಕು.

ಜಾತಿಯಾದ ಮೇಲೆ ಬಣ್ಣ. ಕಂದು ಇದ್ದರೆ ಒಳ್ಳೆಯದು, ಬಿಳಿ ಆದರೆ ಇನ್ನೂ ಒಳ್ಳೆಯದು, ಬೆಕ್ಕಾದರೆ ಕೇಸರಿ. ಬಣ್ಣವಾದ ಮೇಲೆ ಲಿಂಗ: "ಹೆಣ್ಣು ಬೇಡ ಮೇಡಂ, ಆಮೇಲೆ ತೊಂದರೆ." ತೊಂದರೆ ತಪ್ಪಿಸುವ ಶಸ್ತ್ರಚಿಕಿತ್ಸೆ ಇದೆ, ನಾನೇ ಮಾಡಿಸಿ ಕೊಡುತ್ತೇನೆ ಎಂದರೆ, "ಪಾಪ, ತಾಯ್ತನ ಕಿತ್ತುಕೊಳ್ಳುವುದೇ?" ಎಂದು ಅದೇ ಬಾಯಿ ಕಣ್ಣೀರು ಹಾಕುತ್ತದೆ. ಇದೆಲ್ಲ ಎಲ್ಲೋ ಕೇಳಿದಂತಿದೆ ಎಂದುಕೊಂಡೆ. ನನ್ನನ್ನು ನೋಡಲು ಬಂದವರೂ ಹೀಗೇ ಕೇಳಿದ್ದರು, ಜೊತೆಗೆ ಹಾಡಲು ಬರುತ್ತದೆಯೇ ಎಂದೂ ಕೇಳಿದ್ದರು.

ಪೆಟ್ಟಿಗೆಯ ನಾಲ್ವರಲ್ಲಿ ಒಬ್ಬಳು ಅಪ್ಪಟ ಕಪ್ಪು. ಕಾಡಿಗೆ ಎಂದು ಹೆಸರಿಟ್ಟೆವು. ಮೂತಿ, ಮೀಸೆ, ಪಾದದ ಮೆತ್ತೆ ಎಲ್ಲವೂ ಕಪ್ಪು. ಕತ್ತಲಲ್ಲಿ ಎರಡು ಕಣ್ಣು ಮಾತ್ರ ಅಡುಗೆಮನೆಗೆ ನಡೆದು ಬರುತ್ತವೆ. ನಾಲ್ವರಲ್ಲಿ ಮೊದಲು ತೂಕ ಹೆಚ್ಚಿಸಿಕೊಂಡವಳು ಅವಳೇ, ಆದರೆ ಅವಳನ್ನು ಕೇಳಿದವರಿಲ್ಲ. "ಕರಿಬೆಕ್ಕು ಎದುರು ಬಂದರೆ ಕೆಲಸ ಕೆಡುತ್ತದೆ" ಎಂದು ಒಬ್ಬರು ವಿವರಿಸಿದರು. ಅವರು ಮನೆಯಿಂದಲೇ ಕೆಲಸ ಮಾಡುವವರು. ನಾಯಿಗಳ ಲೋಕದಲ್ಲಿ ಕಪ್ಪಿಗೆ ವಾರಕ್ಕೊಂದು ದಿನವಾದರೂ ಗೌರವವಿದೆ. ಶನಿವಾರ ಕರಿನಾಯಿಗೆ ಉಣಿಸಿದರೆ ಶನಿಕಾಟ ತಪ್ಪುತ್ತದೆಂದು ನಂಬಿಕೆ. ಜೋಯಿಸರ ಸಲಹೆಯಂತೆ ಕರೆ ಮಾಡಿದ ಒಬ್ಬ ಮಹನೀಯರು, "ಶನಿವಾರ ಬೆಳಗ್ಗೆ ಮಾತ್ರ ಕಳುಹಿಸಿಕೊಡುತ್ತೀರಾ? ಹನ್ನೊಂದರೊಳಗೆ ವಾಪಸು ಕಳುಹಿಸುತ್ತೇವೆ" ಎಂದರು.

ನಾವೇನು ಕಡಿಮೆಯೇ? ಮರಿ ಕೊಡುವ ಮುನ್ನ ನಾವು ತುಂಬಿಸುವ ಅರ್ಜಿ ನೋಡಿದರೆ ಪಾಸ್‌ಪೋರ್ಟ್ ಕಚೇರಿಯವರು ಕಲಿಯಲು ಬಂದಾರು. ಸ್ವಂತ ಮನೆಯೋ ಬಾಡಿಗೆಯೋ, ಬಾಲ್ಕನಿಗೆ ಬಲೆ ಇದೆಯೋ, ಸಂಬಳವೆಷ್ಟು, ಮದುವೆಯಾಗುವ ಅಂದಾಜಿದೆಯೋ, ಆದರೆ ಬರುವವರಿಗೆ ನಾಯಿ ಕೂದಲು ಆಗುತ್ತದೆಯೋ. ಆಮೇಲೆ ಮನೆ ನೋಡಲು ಬರುತ್ತೇವೆ ಎಂದಾಗ ಒಬ್ಬ ಹಿರಿಯರು ಕೆರಳಿದರು: "ನನ್ನ ಮಗಳನ್ನು ಕೊಡುವಾಗ ನಾನೇ ಬೀಗರ ಮನೆ ನೋಡಿರಲಿಲ್ಲ!" ಈಗ ಆ ಮಗಳು ಎಲ್ಲಿದ್ದಾಳೆ ಎಂದು ಕೇಳಬಾರದಿತ್ತು, ಕೇಳಿಬಿಟ್ಟೆ. ತವರಿನಲ್ಲೇ ಇದ್ದಾಳಂತೆ.

ಕೊಟ್ಟ ಹೆಣ್ಣು ತವರಿಗೆ ಮರಳುವಂತೆ ಮರಿಗಳೂ ಮರಳುತ್ತವೆ. ಹಬ್ಬಕ್ಕೆ ಸೋಫಾ ಬದಲಿಸಿದೆವು ಎಂಬ ಕಾರಣಕ್ಕೆ ಒಂದು ಬಂತು, ವಾಸ್ತುವಿನವರು ಈಶಾನ್ಯದಲ್ಲಿ ಪ್ರಾಣಿ ಬೇಡವೆಂದರು ಎಂಬ ಕಾರಣಕ್ಕೆ ಇನ್ನೊಂದು. ಒಂಬತ್ತನೆಯ ದಿನಕ್ಕೆ ನಾಯಿಮರಿಯನ್ನು ಮರಳಿಸಿದ ದಂಪತಿಗೆ ಏನು ತೊಂದರೆಯಾಯಿತೆಂದು ಕೇಳಿದೆ. ಅವರು ಒಬ್ಬರನ್ನೊಬ್ಬರು ನೋಡಿಕೊಂಡು ತಗ್ಗಿದ ದನಿಯಲ್ಲಿ ಹೇಳಿದರು: "ಅದು ನಾಯಿಯ ಹಾಗೆ ಆಡುತ್ತದೆ."

ಇಷ್ಟರ ಮಧ್ಯೆ ಸರ್ಕಾರವೂ ಸಂಭ್ರಮಕ್ಕೆ ಕೈಜೋಡಿಸಿತು. 2025ರ ಜುಲೈನಲ್ಲಿ ಆಗಿನ ಬಿಬಿಎಂಪಿ ಬೀದಿನಾಯಿಗಳಿಗೆ ಕೋಳಿ ಅನ್ನ ಹಾಕುವ ಯೋಜನೆಯನ್ನು ಪ್ರಕಟಿಸಿತು. ಒಂದು ನಾಯಿಗೆ ದಿನಕ್ಕೆ 150 ಗ್ರಾಂ ಕೋಳಿ, 100 ಗ್ರಾಂ ಅಕ್ಕಿ, 100 ಗ್ರಾಂ ತರಕಾರಿ, ಎರಡೂವರೆ ಗ್ರಾಂ ಅರಿಶಿನ. ಖರ್ಚು 22 ರೂಪಾಯಿ 42 ಪೈಸೆ. ನಾಯಿಗಳು 5,000, ವಾರ್ಷಿಕ ಅಂದಾಜು 2.88 ಕೋಟಿ. 2023ರ ಗಣತಿಯಲ್ಲಿ ನಗರದ ಬೀದಿನಾಯಿಗಳು 2.79 ಲಕ್ಷವಿದ್ದವು, ಉಳಿದ 2.74 ಲಕ್ಷಕ್ಕೆ ವಾಸನೆ. ಪತ್ರಿಕೆಯಲ್ಲಿ ಬಂದ ಈ ಅಂಕಿಗಳನ್ನು ನಾನು ಹಾಲಿನ ಲೆಕ್ಕ ಬರೆಯುವ ಪುಸ್ತಕದಲ್ಲಿ ಗುಣಿಸಿ ಭಾಗಿಸಿದೆ. ಹಣ 257ನೆಯ ದಿನಕ್ಕೆ ಖಾಲಿ. ಆಮೇಲೆ ಉಪವಾಸ ಎಷ್ಟು ದಿನವೆಂದರೆ ಸರಿಯಾಗಿ 108. ಜಪಕ್ಕಾದರೂ ಒದಗುವ ಸಂಖ್ಯೆ. ಊರೆಲ್ಲ ಇದನ್ನು ನಾಯಿ ಬಿರಿಯಾನಿ ಎಂದು ಬೈದು ರಾದ್ಧಾಂತ ಮಾಡಿತು. ಬೈದವರೇ ಮರುವಾರ ನನಗೆ ಕರೆ ಮಾಡಿ, "ನಮ್ಮ ರಾಕಿಯನ್ನು ಬೀದಿಗೆ ಬಿಡಬೇಕೆಂದಿದ್ದೇವೆ, ಹೇಗೂ ಸರ್ಕಾರವೇ ಬಿರಿಯಾನಿ ಹಾಕುತ್ತದಲ್ಲ?" ಎಂದರು. ರಾಕಿ ಜಾತಿ ನಾಯಿ. ಸೈಬೀರಿಯಾದ ಹಿಮಕ್ಕೆಂದು ಬೆಳೆದ ಎರಡು ಪದರದ ಕೂದಲು ಹೊತ್ತುಕೊಂಡು ಮುಂದಿನ ಏಪ್ರಿಲ್‌ನಲ್ಲಿ ನಮ್ಮ ಬಚ್ಚಲಿನ ನೆಲಕ್ಕೆ ಹೊಟ್ಟೆ ಹಚ್ಚಿ ಮಲಗಿತ್ತು.

ಇನ್ನು ನಮ್ಮ ವಸತಿ ಸಂಘ. ಕಾರ್ಯದರ್ಶಿಗಳು ಸಜ್ಜನರು, ಕಾಗದದ ಮೇಲೆ ಬಹಳ ನಂಬಿಕೆ. ಸಾಕುಪ್ರಾಣಿಗಳಿಗೆ ಲಿಫ್ಟ್ ಇಲ್ಲ ಎಂದು ಸೂಚನಾ ಫಲಕದಲ್ಲಿ ಅಂಟಿಸಿದರು. ನಾನು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆಯ ಪ್ರತಿಯನ್ನು ಕೊಟ್ಟೆ: ಸಂಘಗಳು ಬಹುಮತದಿಂದಲೂ ಸಾಕುಪ್ರಾಣಿಗಳನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ತಡೆಯುವಂತಿಲ್ಲ. ಕನ್ನಡಕ ಏರಿಸಿ, ಈ ಮಂಡಳಿ ಇರುವುದು ಎಲ್ಲಿ ಎಂದು ಕೇಳಿದರು. ಮಂಡಳಿಯ ಕಚೇರಿ ಈಗ ಹರಿಯಾಣದ ಬಲ್ಲಭಗಢದಲ್ಲಿದೆ. "ಮೇಡಂ, ಇದು ಹರಿಯಾಣದ ನಾಯಿಗಳಿಗೆ" ಎಂದು ಗೌರವದಿಂದ ಮರಳಿಸಿದರು. 2025ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಮತ್ತು ಸುತ್ತಲಿನ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯತಾಣಕ್ಕೆ ಸೇರಿಸಿ ಎಂದಿತು. ದೆಹಲಿಯ ಆದೇಶ ಅಂದು ಸಂಜೆಯೇ ನಮ್ಮ ಕಟ್ಟಡಕ್ಕೆ ಅನ್ವಯವಾಗಿ, ಸಂಘದ ಕೊಠಡಿಯಲ್ಲಿ ಮೈಸೂರು ಪಾಕ್ ಹಂಚಿದರು. ನಾನೂ ಒಂದು ತಿಂದೆ. ಹನ್ನೊಂದು ದಿನದ ಮೇಲೆ, 22ರಂದು, ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಬದಲಿಸಿ, ರೇಬೀಸ್ ತಗುಲಿದವು ಮತ್ತು ಆಕ್ರಮಣಕಾರಿಯಾದವನ್ನು ಬಿಟ್ಟು ಉಳಿದವನ್ನು ಸಂತಾನಹರಣ ಚಿಕಿತ್ಸೆ, ಲಸಿಕೆ ಮುಗಿಸಿ ಹಿಡಿದ ಜಾಗಕ್ಕೇ ಬಿಡಿ ಎಂದಿತು. ಅಂದು ಯಾವ ಸಿಹಿಯೂ ಬರಲಿಲ್ಲ. ದೆಹಲಿ ಮತ್ತೆ ದೂರವಾಯಿತು.

ಸ್ವರ್ಗದ ಬಾಗಿಲಲ್ಲಿ ಧರ್ಮರಾಯನನ್ನು ತಡೆದು ನಾಯಿಗೆ ಪ್ರವೇಶವಿಲ್ಲ ಎಂದ ಇಂದ್ರನೇ ಈ ವಂಶದ ಮೂಲಪುರುಷನಿರಬೇಕು ಎಂದು ನಾನು ಸಭೆಯೊಂದರಲ್ಲಿ ಹೇಳಿದೆ. ಕೊನೆಗೆ ಆ ನಾಯಿ ಯಮಧರ್ಮನೇ ಆಗಿತ್ತಲ್ಲ ಎಂದೂ ನೆನಪಿಸಿದೆ. ಹಿಂದಿನ ಸಾಲಿನಿಂದ ಯಾರೋ ಸಮಾಧಾನದ ದನಿಯಲ್ಲಿ ಹೇಳಿದರು: "ಹಾಗಾದರೆ ಅದು ಜಾತಿ ನಾಯಿ, ಬಿಡಿ."

ಮೊನ್ನೆ ಕಾರ್ಯದರ್ಶಿಗಳು ಮೆಟ್ಟಿಲಲ್ಲಿ ಸಿಕ್ಕರು. ಲಿಫ್ಟ್ ಕೆಟ್ಟಿತ್ತು, ಹಾಗಾಗಿ ನಾಯಿಗಳೂ ನಾವೂ ಅಂದು ಸಮಾನರು. ಬೆವರೊರೆಸಿಕೊಂಡು ಕೇಳಿದರು: "ಬೆಕ್ಕುಗಳು ಹೋದವೇ ಮೇಡಂ?"

"ಮೂರಕ್ಕೆ ಮನೆ ಗೊತ್ತಾಗಿದೆ ಸರ್, ಬರುವ ಭಾನುವಾರ ಹೋಗುತ್ತವೆ."

"ಆ ಕರಿಯದು?"

"ಕಾಡಿಗೆ" ಎಂದೆ.

ಅವರ ಮುಖ ಅರಳಿತು. "ಕಾಡಿಗೇ? ಬಹಳ ಒಳ್ಳೆಯ ನಿರ್ಧಾರ. ಪ್ರಾಣಿ ಎಂದ ಮೇಲೆ ಅಲ್ಲೇ ಇರಬೇಕು." ನಾನು ತಿದ್ದಲು ಬಾಯಿ ತೆರೆಯುವಷ್ಟರಲ್ಲಿ ಎರಡು ಮೆಟ್ಟಿಲು ಮೇಲಿದ್ದರು.

ಈ ತಿಂಗಳ ಸಭೆಯ ನಡಾವಳಿ ಫಲಕಕ್ಕೆ ಬಂದಿದೆ. ಏಳನೆಯ ವಿಷಯ: "ಮೂರನೆಯ ಮಹಡಿಯ ಕಪ್ಪು ಬೆಕ್ಕು — ಕಾಡಿಗೆ. ಸರ್ವಾನುಮತದಿಂದ ಅಂಗೀಕರಿಸಲಾಯಿತು." ಸಂಘದ ಮೊಹರು, ಕಾರ್ಯದರ್ಶಿಗಳ ಸಹಿ ಎರಡೂ ಇವೆ. ಅದರ ಚಿತ್ರ ತೆಗೆದು ಇಟ್ಟುಕೊಂಡಿದ್ದೇನೆ. ಕಾಡಿಗೆ ಫ್ರಿಜ್ಜಿನ ಮೇಲೆ ಒಕ್ಕಣ್ಣಿನ ಬೆಕ್ಕನ್ನು ಒಂದಿಷ್ಟು ಪಕ್ಕಕ್ಕೆ ತಳ್ಳಿ, ತಾತ್ಕಾಲಿಕವಾಗಿ ಮಲಗಿದ್ದಾಳೆ.