ಪೋಷಕರಿಗೂ ಒಂದು ತಾಲೀಮು

ಡಿಸೆಂಬರ್ ಬಂತೆಂದರೆ ಬೆಂಗಳೂರಿನ ಶಾಲೆಗಳಲ್ಲಿ ಪಾಠ ನಿಂತು ವಾರ್ಷಿಕೋತ್ಸವದ ತಾಲೀಮು ಶುರುವಾಗುತ್ತದೆ. ಸಾಲಾಗಿ ನಿಲ್ಲುವುದು, ಸರದಿಗೆ ಕಾಯುವುದು, ಪಕ್ಕದವನನ್ನು ತಳ್ಳದಿರುವುದು, ಬೇರೆಯವರು ಹಾಡುವಾಗ ಬಾಯಿ ಮುಚ್ಚಿಕೊಂಡಿರುವುದು, ಇಷ್ಟನ್ನೂ ಯು.ಕೆ.ಜಿ. ಮಕ್ಕಳು ಕಲಿತುಬಿಡುತ್ತಾರೆ. ಯಾವ ತಾಲೀಮೂ ಇಲ್ಲದೆ ನೇರವಾಗಿ ಸಭಾಂಗಣಕ್ಕೆ ನುಗ್ಗುವವರು ಅವರ ತಂದೆ ತಾಯಿಯರು ಮಾತ್ರ.

ಬಸ್ಸಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿದ ಪರಂಪರೆ ನಮ್ಮದು. ಅದನ್ನು ಸುಲಭಕ್ಕೆ ಬಿಡಲಾದೀತೇ? ದುಪಟ್ಟಾ, ನೀರಿನ ಬಾಟಲಿ, ಸ್ವೆಟರ್, ಕಾರಿನ ಕೀಲಿ ಹರಡಿ ಒಬ್ಬ ತಾಯಿ ಎರಡನೆಯ ಸಾಲನ್ನೇ ವಶಪಡಿಸಿಕೊಂಡಿರುತ್ತಾರೆ. ಕೇಳಿದರೆ, "ಜನ ಇದ್ದಾರೆ." ಆ ಜನ ಇನ್ನೂ ಸಿಲ್ಕ್ ಬೋರ್ಡ್ ದಾಟಿರುವುದಿಲ್ಲ. ಇತ್ತ ಪ್ರಾರ್ಥನೆಯ ನಡುವೆಯೇ ಧ್ವನಿವರ್ಧಕ, ಗೇಟಿಗೆ ಅಡ್ಡವಾಗಿ ನಿಂತ ಬಿಳಿ ಕಾರಿನ ಮಾಲೀಕರನ್ನು ಕರೆಯುತ್ತದೆ. ಯಾರೂ ಏಳುವುದಿಲ್ಲ. ಎದ್ದರೆ ಕುರ್ಚಿ ಹೋಗುತ್ತದಲ್ಲ!

ಮೈಕು ಅಪರೂಪವಾಗಿದ್ದ ಕಾಲದಲ್ಲಿ ಹಿಂದಿನ ಸಾಲಿನವರಿಗೂ ನಾದ ಮುಟ್ಟಲೆಂದು ಪಿಟೀಲು ಚೌಡಯ್ಯನವರು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿದರು. ಅವರ ನೆನಪಿಗೆ ವೈಯಾಲಿಕಾವಲ್‌ನಲ್ಲಿ ಪಿಟೀಲಿನ ಆಕಾರದ ಭವನವನ್ನೇ ಕಟ್ಟಿದ ಊರು ಇದು. ಅದೇ ಊರಿನಲ್ಲಿ ಈಗ, ಹಿಂದಿನ ಸಾಲಿನವರಿಗೆ ಏನೂ ಕಾಣದಿರಲೆಂದು ಮುಂದಿನ ಸಾಲಿನ ತಂದೆ ಎದ್ದು ನಿಂತು ಟ್ಯಾಬ್ಲೆಟ್ ಎತ್ತುತ್ತಾರೆ. ಬೆಳಗಿನ ರೈಲು ಹಿಡಿದು ತುಮಕೂರಿನಿಂದ ಬಂದ ಅಜ್ಜಿಗೆ ಮೊಮ್ಮಗಳ ಕೋಲಾಟ ಕಾಣುವುದು ಈ ಅಪರಿಚಿತರ ಹತ್ತು ಅಂಗುಲದ ಪರದೆಯಲ್ಲಿ. ಅದೂ ಅವರು ತಮ್ಮ ಮಗನ ಮುಖಕ್ಕೆ ಝೂಮ್ ಮಾಡುವವರೆಗೆ ಮಾತ್ರ. ವಿಡಿಯೊ ತೆಗೆಯಲು ಶಾಲೆಯೇ ಛಾಯಾಗ್ರಾಹಕರನ್ನು ಕರೆಸಿದೆ, ಅದಕ್ಕೆಂದು ಇವರಿಂದಲೇ ಹಣವನ್ನೂ ಪಡೆದಿದೆ. ಆದರೆ ಅವರು ಎಲ್ಲ ಮಕ್ಕಳನ್ನೂ ತೆಗೆಯುತ್ತಾರೆ. ತಕರಾರು ಇರುವುದೇ ಅಲ್ಲಿ.

ಆ ಮಗ ನಾಟಕದಲ್ಲಿ ಮರ. ಮರಕ್ಕೆ ಮಾತಿಲ್ಲ, ಚಲನೆಯಿಲ್ಲ, ಸುಮ್ಮನೆ ನಿಲ್ಲಬೇಕು. ತಾಯಿಗೆ ಅಷ್ಟು ಸಾಲದು. "ಇಲ್ಲಿ ನೋಡು ಪುಟ್ಟಾ, ನಗು!" ಎಂಬ ಕೂಗಿಗೆ ಮರ ನಗುತ್ತದೆ, ಕೈ ಬೀಸುತ್ತದೆ, ಬೀಸಿದ ರಭಸಕ್ಕೆ ಪಕ್ಕದ ಜಿಂಕೆಯ ಕೊಂಬು ಕಳಚಿ ಬೀಳುತ್ತದೆ. ಜಿಂಕೆಯ ತಾಯಿ ಮರದ ತಾಯಿಯತ್ತ ತಿರುಗುತ್ತಾರೆ. ಮುಂದಿನ ಐದು ನಿಮಿಷ ನಿಜವಾದ ನಾಟಕ ನಾಲ್ಕನೆಯ ಸಾಲಿನಲ್ಲಿ.

ಸಂಗೀತ ಕಚೇರಿಯಲ್ಲಿ ತನಿ ಆವರ್ತನ, ಅಂದರೆ ಮೃದಂಗದಂಥ ತಾಳವಾದ್ಯದವರ ಸರದಿ, ಶುರುವಾದೊಡನೆ ಕಾಫಿಗೆ ಏಳುವುದು ರಸಿಕರ ಹಳೆಯ ಚಾಳಿ. ಇವರು ಅದನ್ನು ಒಂದು ಹೆಜ್ಜೆ ಮುಂದಕ್ಕೆ ಒಯ್ದಿದ್ದಾರೆ: ತಮ್ಮ ಮಗುವಿನ ಮೂರು ನಿಮಿಷ ಮುಗಿದರೆ ಉತ್ಸವವೇ ಮುಗಿಯಿತು. ಮಗುವನ್ನು ಬಣ್ಣದ ಕೋಣೆಯಿಂದಲೇ ಎಳೆದುಕೊಂಡು ಹೊರಡುತ್ತಾರೆ. ಇದನ್ನು ಬಲ್ಲ ಶಿಕ್ಷಕಿಯೊಬ್ಬರು ಕೊನೆಯ ಸಮೂಹಗೀತೆಗೆ ಇಡೀ ಶಾಲೆಯನ್ನೇ ವೇದಿಕೆ ಹತ್ತಿಸಿದರಂತೆ, ಒಬ್ಬರೂ ಕದಲಲಿಲ್ಲ. ಅಂಥವರನ್ನು ಸಂಚಾರ ಪೊಲೀಸ್ ಇಲಾಖೆ ಎರವಲು ಪಡೆಯಬೇಕು.

ಇವರಿಗೆ ತಿಳಿವಳಿಕೆ ಇಲ್ಲವೆನ್ನಲು ಬಾಯಿ ಬರುವುದಿಲ್ಲ. 2004ರಲ್ಲಿ ಆರಂಭವಾದ ಜೆ.ಪಿ. ನಗರದ ರಂಗಶಂಕರದಲ್ಲಿ ನಾಟಕ ಶುರುವಾದ ಮೇಲೆ ಬಂದವರಿಗೆ ಪ್ರವೇಶವಿಲ್ಲ. ಅಲ್ಲಿಗೆ ಇದೇ ದಂಪತಿ ಅರ್ಧ ಗಂಟೆ ಮೊದಲೇ ಬಂದು, ಮೊಬೈಲ್ ಆರಿಸಿ, ಕೆಮ್ಮನ್ನೂ ನುಂಗಿಕೊಂಡು ಕೂರುತ್ತಾರೆ. ಅಲ್ಲಿ ಆಡುತ್ತಿರುವವರು ಬೇರೆಯವರ ಮಕ್ಕಳು ತಾನೆ.

ಆ ರಾತ್ರಿ ತರಗತಿಯ ವಾಟ್ಸಾಪ್ ಗುಂಪಿಗೆ ವಿಡಿಯೊಗಳ ಸುರಿಮಳೆ. ಹೆಚ್ಚಿನವುಗಳಲ್ಲಿ ಕಾಣುವುದು ಮುಂದಿನವರ ಎತ್ತಿದ ಕೈ. ಮುಂದಿನ ಪೋಷಕರ ಸಭೆಯಲ್ಲಿ ವಿಷಯ ಚರ್ಚೆಗೆ ಬಂದು, ಎಂದೂ ಒಮ್ಮತಕ್ಕೆ ಬಾರದವರೆಲ್ಲ ಒಮ್ಮತಕ್ಕೆ ಬಂದರು. ಬರುವ ವರ್ಷ ವೇದಿಕೆಯ ಎರಡೂ ಬದಿಗೆ ದೊಡ್ಡ ಎಲ್‌ಇಡಿ ಪರದೆ ಹಾಕಿಸಬೇಕು. ಎದ್ದು ನಿಂತವರ ತಲೆಯ ಮೇಲಿಂದ ಪರದೆಯನ್ನಾದರೂ ವಿಡಿಯೊ ಮಾಡಿಕೊಳ್ಳಬಹುದು. ಖರ್ಚನ್ನು ಶುಲ್ಕಕ್ಕೆ ಸೇರಿಸಲು ಆಡಳಿತ ಮಂಡಳಿ ಸಂತೋಷದಿಂದ ಒಪ್ಪಿತು.