ಮತ್ತೆ ಮೇಣದಬತ್ತಿ!

ನಿನ್ನೆ ಮತ್ತೆ ಹತ್ತು ಮೇಣದಬತ್ತಿ ಕೊಂಡು ಬಂದೆ. ಬೇಕಾಗಿತ್ತು ಅಂತಲ್ಲ. ನಮ್ಮ ಕಾಸರಗೋಡು ಕಡೆಯ ಒಂದು ವಿಶೇಷ ಶಾಲೆಯ (ಬುದ್ಧಿಯ ಬೆಳವಣಿಗೆ ನಿಧಾನವಿರುವ ಮಕ್ಕಳ ಶಾಲೆ) ವಾರ್ಷಿಕೋತ್ಸವಕ್ಕೆ ಹೋಗಿದ್ದೆ. (ಯಾವ ಶಾಲೆ ಅಂತ ಕೇಳಬೇಡಿ. ನಾಳೆ ಬದಿಯಡ್ಕ ಪೇಟೆಯಲ್ಲಿ ಅವರ ಮುಖ ನೋಡಬೇಕಲ್ಲ.) ಬಾಗಿಲಲ್ಲೇ ಮಕ್ಕಳು ಮಾಡಿದ ವಸ್ತುಗಳ ಮೇಜು. ಮೇಣದಬತ್ತಿ, ಕಾಗದದ ಹೂ, ಫಿನಾಯಿಲ್. ಹೋದ ವರ್ಷವೂ ಅದೇ ಇತ್ತು. ನನ್ನ ತಮ್ಮ ಇಂಥದೇ ಶಾಲೆಗೆ ಹೋಗುತ್ತಿದ್ದ ಕಾಲದಲ್ಲೂ ಅದೇ ಇತ್ತು. ಅವನಿಗೀಗ 36.

ವೇದಿಕೆಯಲ್ಲಿ 18 ತುಂಬಿದ ಮೂವರಿಗೆ ಬೀಳ್ಕೊಡುಗೆ. ಶಾಲು, ಹಾರ, ಒಂದು ಸ್ಟೀಲ್ ಡಬ್ಬಿ. ಅತಿಥಿಗಳು "ಇವರು ದೇವರ ಮಕ್ಕಳು" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಪಕ್ಕದಲ್ಲಿ ಆ ಮೂವರಲ್ಲಿ ಒಬ್ಬನ ಅಮ್ಮ ಕೂತಿದ್ದರು. ಮೆಲ್ಲಗೆ ಕೇಳಿದರು, "ಸೋಮವಾರದಿಂದ ಇವ ಎಂತ ಮಾಡುದು ಟೀಚರೇ?"

ಇಪ್ಪತ್ತೆರಡು ವರ್ಷ ಪಾಠ ಮಾಡಿದ ಬಾಯಿ ಇದು. ಏನೂ ಬರಲಿಲ್ಲ.

"ಕೆಲಸ ಕಲಿಸಿದ್ದೇವೆ" ಅನ್ನುತ್ತಾರೆ ಶಾಲೆಯವರು. ಯಾವ ಕೆಲಸ? ಪೆರ್ಲದಿಂದ ಮುಳ್ಳೇರಿಯದವರೆಗೆ ಮೇಣದಬತ್ತಿ ಮಾಡಿ ಬದುಕುವವರು ಒಬ್ಬರನ್ನು ತೋರಿಸಿ ನೋಡೋಣ. ನಿನ್ನೆ ರಾತ್ರಿ ನಮ್ಮಲ್ಲಿ ಕರೆಂಟ್ ಹೋಯಿತು. ನಾವು ಹಾಕಿದ್ದು ಮೊಬೈಲ್ ಟಾರ್ಚ್. ಮೇಣದಬತ್ತಿ ಕಪಾಟಿನಲ್ಲಿ ಸುಮ್ನೆ ಮಲಗಿತ್ತು.

ಆ ಅಮ್ಮ ಇನ್ನೊಂದು ಮಾತು ಹೇಳಿದರು. ಮನೆಯಲ್ಲಿ ಒಣಗಿದ ಅಡಿಕೆಯಿಂದ ಕೋಕ (ಕೆಟ್ಟ, ಕಳಪೆ ಅಡಿಕೆ) ಹೆಕ್ಕಿ ಬೇರೆ ಮಾಡುವುದು ಈ ಹುಡುಗನೇ ಅಂತೆ. ಒಂದೂ ತಪ್ಪುವುದಿಲ್ಲವಂತೆ. "ಶಾಲೆಯಲ್ಲಿ ಹೇಳಿದಿರಾ?" ಅಂತ ಕೇಳಿದೆ. "ಕೇಳಿದರಲ್ವಾ ಹೇಳುದು?" ಅಂದರು. ಹನ್ನೊಂದು ವರ್ಷ ಶಾಲೆಗೆ ಹೋದ ಹುಡುಗ! ಮನೆಯಲ್ಲಿ ಇವನಿಗೆ ಏನು ಬರುತ್ತದೆ ಅಂತ ಒಬ್ಬರೂ ಕೇಳಿಲ್ಲ. ಸುತ್ತ ಅಡಿಕೆ ತೋಟ, ಮಧ್ಯದಲ್ಲಿ ಕೂರಿಸಿ ಮೇಣ ಕರಗಿಸಲು ಕಲಿಸಿದ್ದಾರೆ.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಇರುವುದು 6ರಿಂದ 18 ವರ್ಷದವರೆಗೆ. 18ರ ಮರುದಿನ ಏನು ಅನ್ನುವುದನ್ನು 14ರಲ್ಲೇ ಯೋಚಿಸಬೇಡವೇ? ಅಮೆರಿಕದ ಕಾನೂನಿನಲ್ಲಿ ಇಂಥ ಮಗುವಿಗೆ 16 ಆಗುವಾಗ, ಶಾಲೆ ಮುಗಿದ ಮೇಲೆ ಎಲ್ಲಿಗೆ, ಅದಕ್ಕೆ ಏನೇನು ಕಲಿಸಬೇಕು ಅಂತ ಅದರ ಹೆಸರಿನಲ್ಲೇ ಬರೆದಿಡಬೇಕು. ಅದನ್ನೇ ಇಲ್ಲಿಗೆ ತನ್ನಿ ಅನ್ನುತ್ತಿಲ್ಲ. ಅಮೆರಿಕದಲ್ಲಿ ಕೋಕ ಹೆಕ್ಕುವ ಕೆಲಸ ಇಲ್ಲ. ಆದರೆ ವಾರಕ್ಕೆರಡು ದಿನ ಹುಡುಗನನ್ನು ಅಡಿಕೆ ಹಾಳೆಯ ತಟ್ಟೆ ಮಾಡುವಲ್ಲಿಗೋ ಜೀನಸು ಅಂಗಡಿಗೋ ಕರೆದುಕೊಂಡು ಹೋಗಿ ನಿಲ್ಲಿಸಲು ಯಾವ ಕಾನೂನು ಬೇಕು? ಐವತ್ತು ರೂಪಾಯಿ ಕೊಟ್ಟರೆ ಚಿಲ್ಲರೆ ಬರುತ್ತದೆ ಅಂತ ಕಲಿಸಲು? ಯಾರಾದರೂ ಕೈ ಹಿಡಿದೆಳೆದರೆ "ಬೇಡ" ಅಂತ ಕೂಗಲು?

ಬಸ್ಸಿನ ಕಥೆ ಬೇರೆಯೇ. ನಮ್ಮ ಮಕ್ಕಳಿಗೆ ಮನೆಯಲ್ಲಿ ತುಳು, ಕನ್ನಡ. ಬಸ್ಸಿನ ಬೋರ್ಡು ಮಲಯಾಳ. ಎಲ್ಲಾ ಗೊತ್ತಿರುವ ನಾವೇ ಒಮ್ಮೊಮ್ಮೆ ಕುಂಬಳೆಯಲ್ಲಿ ತಪ್ಪು ಬಸ್ಸು ಹತ್ತುತ್ತೇವೆ.

"ಟೀಚರುಗಳು ಕಡಿಮೆ, ಸಂಬಳ ಕಡಿಮೆ, ಹೊರಗೆ ಕರೆದುಕೊಂಡು ಹೋಗಿ ಏನಾದರೂ ಆದರೆ ಯಾರು ಹೊಣೆ?" ಅನ್ನುವವರಿದ್ದಾರೆ. ಸಂಬಳದ ಮಾತು ನಿಜ, ಒಪ್ಪುತ್ತೇನೆ. ಉಳಿದದ್ದು ನೆಪ. ಕುದಿಯುವ ಮೇಣದ ಮುಂದೆ ಕೂರಿಸುವಾಗ ಇಲ್ಲದ ಹೆದರಿಕೆ ಅಂಗಡಿಗೆ ಹೋಗುವಾಗ ಎಲ್ಲಿಂದ ಬಂತು? ಕೇರಳದಲ್ಲಿ ಪಂಚಾಯತುಗಳು ಇಂಥ ಮಕ್ಕಳಿಗಾಗಿ ನಡೆಸುವ ಬಡ್ಸ್ ಶಾಲೆಗಳಿವೆ, 18 ದಾಟಿದವರಿಗೆ ಪುನರ್ವಸತಿ ಕೇಂದ್ರಗಳೂ ಇವೆ. ಅಷ್ಟಾದರೂ ಇದೆ, ಸುಳ್ಳು ಹೇಳಬಾರದು. ಆದರೆ ಲೆಕ್ಕ ಹಾಕಿ. ನಮ್ಮ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸುರಿಯುವುದು ನಿಂತದ್ದು 2000ದಲ್ಲಿ. ಆ ಕಾಲದಲ್ಲಿ ತೊಂದರೆಯೊಂದಿಗೆ ಹುಟ್ಟಿದವರೆಲ್ಲ ಈಗ 25ರ ಆಚೆ. ಪತ್ರಿಕೆಯವರಿಗೆ ಮಾತ್ರ ಅವರಿನ್ನೂ "ಮಕ್ಕಳು". ಅವರ ಅಪ್ಪ ಅಮ್ಮಂದಿರಲ್ಲಿ ಹಲವರಿಗೆ ಅರುವತ್ತು, ಎಪ್ಪತ್ತು.

ಇಷ್ಟೆಲ್ಲಾ ಬೊಬ್ಬೆ ಹಾಕುವ ನಾನು ಮಾಡಿದ್ದೇನು ಗೊತ್ತಾ? ತಮ್ಮನನ್ನು 34 ವರ್ಷದವರೆಗೆ ಒಬ್ಬನೇ ರಸ್ತೆ ದಾಟಲು ಬಿಡಲಿಲ್ಲ. ಅಮ್ಮ ಬಿಡಲಿಲ್ಲ ಅಂತ ಎಲ್ಲರ ಹತ್ತಿರ ಹೇಳುತ್ತಿದ್ದೆ. ಬಿಡದೇ ಇದ್ದದ್ದು ನಾನು. ಅಮ್ಮ ಆಸ್ಪತ್ರೆಯಲ್ಲಿದ್ದ ದಿನ ಮನೆಯಲ್ಲಿ ಹಾಲು ಮುಗಿದಿತ್ತು. ಇವನೇ ಹೋಗಿ ತಂದ. ಚಿಲ್ಲರೆಯನ್ನೂ ತಂದ. ಅಂಗಡಿಯ ಇಬ್ರಾಹಿಂಚ್ಚ ಕೇಳಿದರು, "ಇಷ್ಟು ವರ್ಷ ಇವನನ್ನು ಯಾಕೆ ಕಳಿಸಲಿಲ್ಲ ಟೀಚರೇ?" ಆವತ್ತೂ ಬಾಯಿಗೆ ಏನೂ ಬರಲಿಲ್ಲ.

ಹಾಗಾಗಿ ಇಷ್ಟು. ಬದಿಯಡ್ಕ, ನೀರ್ಚಾಲು ಕಡೆ ಅಡಿಕೆ ವ್ಯಾಪಾರ ಮಾಡುವವರು, ಹಾಳೆ ತಟ್ಟೆ ಮಾಡುವವರು ಯಾರಾದರೂ ಇದನ್ನು ಓದಿದರೆ ಇನ್‌ಬಾಕ್ಸಿಗೆ ಬನ್ನಿ. ಹುಡುಗನಿಗೆ 18. ಮಾತು ಕಡಿಮೆ. ಕೋಕ ಹೆಕ್ಕುವುದರಲ್ಲಿ ಚುರುಕು. ಪುಕ್ಕಟೆ ದುಡಿಯಲು ಅಲ್ಲ, ಕೂಲಿ ಕೊಡಬೇಕು. ಮೊದಲ ತಿಂಗಳು ಬಸ್ಸಿನಲ್ಲಿ ಜೊತೆಗೆ ನಾನು ಬರುತ್ತೇನೆ.

ಮೇಣದಬತ್ತಿ ಬೇಕಾದವರೂ ಬನ್ನಿ. ನಲವತ್ತೆರಡು ಇವೆ.